ಬರಿದಾದ ಕರಡಿಗೆ

ಹುಕ್ಕೇರಿಯ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಗುರುಲಿಂಗಪ್ಪನ ಖಾನಾವಳಿ ಇತ್ತು. ಖಾನಾವಳಿ ಎಂದರೆ ಬೋರ್ಡು, ಮೇಜು, ಕುರ್ಚಿ ಎಂದೆಲ್ಲ ಅಂದುಕೊಳ್ಳಬೇಡಿ. ಮನೆಯ ಪಡಸಾಲೆಯಲ್ಲಿ ಎರಡು ಸಾಲು ಮಣೆ, ಗೋಡೆಗೆ ಬಸವಣ್ಣನ ಪಟ, ಬಾಗಿಲ ಹತ್ತಿರ ಕೈ ತೊಳೆಯಲು ಒಂದು ಹಂಡೆ ನೀರು. ಆದರೆ ಅಲ್ಲಿನ ಬಿಸಿ ರೊಟ್ಟಿಗಾಗಿ ಬಸ್ಸು ತಪ್ಪಿಸಿಕೊಂಡವರೂ ಇದ್ದರು. ರೊಟ್ಟಿ ಬಡಿಯುತ್ತಿದ್ದವಳು ಗುರುಲಿಂಗಪ್ಪನ ಹೆಂಡತಿ ಶಿವಗಂಗವ್ವ. ಖಾನಾವಳಿ ಮಾತ್ರ ಗುರುಲಿಂಗಪ್ಪನದು. ನಮ್ಮ ಕಡೆ ಹಾಗೇ ಕರೆಯುತ್ತಾರೆ, ಅದಕ್ಕೆ ನಾನೇನು ಮಾಡಲಿ.

ಮೊದಲು ಅದೊಂದು ಸಣ್ಣ ವ್ಯವಹಾರ. ಸಂತೆಯ ದಿನ ಒಂದಷ್ಟು ಜನ, ಉಳಿದ ದಿನ ಕೋರ್ಟಿಗೆ ಬಂದವರು, ಇಬ್ಬರು ಮಾಸ್ತರರು. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮೇಲೆ ಕಚೇರಿಗಳು ಹೆಚ್ಚಾದವು, ಕಚೇರಿಗೆ ಅಲೆಯುವವರೂ ಹೆಚ್ಚಾದರು. ಅದು ಸಾಲದೆಂಬಂತೆ ಹಿಡಕಲ್ಲಿನ ಹತ್ತಿರ ಘಟಪ್ರಭೆಗೆ ಅಣೆಕಟ್ಟು ಆಗುತ್ತದೆಂದು ಅಳತೆಯ ಜನ ಬಂದಿಳಿದರು. ಅವರ ಜೀಪು ಬೆಳಿಗ್ಗೆ ಬಂದು ಬುತ್ತಿ ಒಯ್ಯುತ್ತಿತ್ತು, ಸಂಜೆ ಅವರೇ ಬಂದು ಉಂಡು ಹೋಗುತ್ತಿದ್ದರು. ಮನೆಗೆ ಹೊಸ ಹಂಚು ಬಂತು, ಒಲೆ ಒಂದಿದ್ದದ್ದು ಎರಡಾಯಿತು. ಕೈ ಮಾತ್ರ ಶಿವಗಂಗವ್ವನವೇ ಎರಡು.

ಗುರುಲಿಂಗಪ್ಪನ ಅಕ್ಕ ಕಾಶೆವ್ವ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಪಲ್ಯ ಹೆಚ್ಚುವುದು, ಕಾಳು ಬೇಯಿಸುವುದು, ಬಡಿಸುವುದು ಅವಳ ಪಾಲು. ಆದರೆ ರೊಟ್ಟಿ ಅವಳ ಕೈಗೆ ಬಗ್ಗುತ್ತಿರಲಿಲ್ಲ, ಒಡೆಯುತ್ತಿತ್ತು. ಹಾಗಾಗಿ ಬೆಳಗಿನ ಮೊದಲ ಬಸ್ಸಿನಿಂದ ಸಂಜೆಯ ಕಡೆಯ ಪಂಗತಿಯವರೆಗೆ ಶಿವಗಂಗವ್ವ ಒಲೆ ಬಿಟ್ಟು ಏಳುವಂತಿರಲಿಲ್ಲ. ಹೊಟ್ಟೆ ಹಸಿದರೆ ಹಂಚಿನ ಮೇಲಿನ ಅರ್ಧ ರೊಟ್ಟಿಯನ್ನೇ ಮುರಿದು, ಇನ್ನೊಂದನ್ನು ಬಡಿಯುತ್ತಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದೇ ಊಟ. ಏನು ತಿಂದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ನಮ್ಮ ಮಂದಿಗೆ ಮೈಮೇಲೆ ಲಿಂಗ ಇರಬೇಕು. ಸ್ನಾನ ಮಾಡಿ, ಲಿಂಗವನ್ನು ಕರಡಿಗೆಯಿಂದ ತೆಗೆದು, ಎಡ ಅಂಗೈಯಲ್ಲಿಟ್ಟು, ನೀರು, ವಿಭೂತಿ, ಪತ್ರೆ ಏರಿಸಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂರಬೇಕು. ಆಮೇಲೆ ಊಟ. ಶಿವಗಂಗವ್ವನ ಕೊರಳಿನಲ್ಲಿ ತವರು ಮನೆಯವರು ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ ಇತ್ತು. ಮೊದಮೊದಲು ದಿನವೂ ಅದನ್ನು ತೆರೆಯುತ್ತಿದ್ದಳು. ಆಮೇಲೆ ಸೋಮವಾರಕ್ಕೊಮ್ಮೆ. ಆಮೇಲೆ ಹಬ್ಬಕ್ಕೆ. ಉಳಿದ ದಿನ ಮೈ ಒರೆಸಿಕೊಳ್ಳುತ್ತಲೇ ಮುಚ್ಚಿದ ಕರಡಿಗೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಶಿವಾ ಎಂದು ಒಲೆಯ ಕಡೆ ಓಡುವುದು. ದೇವರಿಗೂ ನೂರೆಂಟು ಕೆಲಸ ಇರುತ್ತವೆ, ಅವನೂ ಇಷ್ಟಕ್ಕೇ ಒಪ್ಪಿಕೊಂಡಿರಬೇಕು ಎಂದು ಅವಳು ತಿಳಿದಿದ್ದಳು.

ಆ ವರ್ಷ ಶ್ರಾವಣದ ಮೊದಲ ಸೋಮವಾರ ಅವಳು ಬೇಗ ಎದ್ದಳು. ಈ ತಿಂಗಳಾದರೂ ಸರಿಯಾಗಿ ಕೂತು ಪೂಜೆ ಮಾಡಬೇಕೆಂದು ಹಿಂದಿನ ದಿನವೇ ಮನಸ್ಸು ಮಾಡಿದ್ದಳು. ಸ್ನಾನ ಮಾಡಿ, ದೇವರ ಕೋಣೆಯಲ್ಲಿ ಮಣೆ ಹಾಕಿ ಕೂತು, ಕರಡಿಗೆಯ ಮುಚ್ಚಳ ತೆಗೆದಳು. ಒಳಗೆ ಲಿಂಗಕ್ಕೆ ಸುತ್ತುವ ಸಣ್ಣ ಅರಿವೆ ಮಡಿಸಿಟ್ಟಂತೆಯೇ ಇತ್ತು. ಅರಿವೆ ಬಿಚ್ಚಿದಳು. ಲಿಂಗ ಇರಲಿಲ್ಲ.

ಮತ್ತೆ ಕರಡಿಗೆಯಲ್ಲಿ ಬೆರಳು ಹಾಕಿ ನೋಡಿದಳು. ಆ ಪುಟ್ಟ ಡಬ್ಬಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಎಲ್ಲಿದೆ? ಲಿಂಗ ಕಳೆದುಕೊಂಡವರು ಅದು ಸಿಗುವತನಕ ಹನಿ ನೀರು ಮುಟ್ಟಬಾರದು. ಹಿಂದಿನ ಕಾಲದಲ್ಲಿ ಪ್ರಾಣ ಬಿಟ್ಟವರ ಮಾತನ್ನು ಅವಳ ಅಜ್ಜಿ ಹೇಳುತ್ತಿದ್ದಳು. ಕೂಗಿ ಗಂಡನನ್ನು ಕರೆಯಬೇಕು ಎನ್ನುವಷ್ಟರಲ್ಲಿ ಹೊರಗೆ ಜೀಪು ಬಂದು ನಿಂತ ಸಪ್ಪಳ ಕೇಳಿತು. ಅಳತೆಯವರ ಬುತ್ತಿ ಇನ್ನೂ ಆಗಿರಲಿಲ್ಲ. ಅವಳು ಖಾಲಿ ಕರಡಿಗೆಯನ್ನು ಮುಚ್ಚಿ, ಕೊರಳಿಗೆ ಹಾಕಿಕೊಂಡು, ಒಲೆಯ ಮುಂದೆ ಹೋಗಿ ಕೂತಳು. ಇದನ್ನು ಕೇಳಿ ನೀವು ಸಿಟ್ಟಾಗಬಹುದು. ನನಗೂ ಸಿಟ್ಟು ಬಂದಿತ್ತು. ಆದರೆ ವರ್ಷಗಟ್ಟಲೆ ಹಾರ್ನು ಕೇಳಿ ಎದ್ದ ಮೈ ಅದು, ಅವಳನ್ನು ಕೇಳದೆಯೇ ಎದ್ದಿತ್ತು.

ಜೀಪು ಹೋದ ಮೇಲೆ ಹುಡುಕಿದಳು. ಬಚ್ಚಲಲ್ಲಿ, ಹಿಟ್ಟಿನ ಡಬ್ಬದಲ್ಲಿ, ಜರಡಿಯಲ್ಲಿ, ಕಟ್ಟಿಗೆಯ ಮೂಲೆಯಲ್ಲಿ. ಏನು ಹುಡುಕುತ್ತೀ ಎಂದು ಕಾಶೆವ್ವ ಕೇಳಿದರೆ ಮೂಗುಬೊಟ್ಟಿನ ತಿರುಪು ಬಿದ್ದಿದೆ ಎಂದಳು. ಕಾಶೆವ್ವ ಅವಳ ಮೂಗನ್ನೊಮ್ಮೆ ನೋಡಿ ಪಲ್ಯ ಹೆಚ್ಚಲು ಹೋದಳು. ಚಹಾ ತಂದಿಟ್ಟರೆ ಅದು ಆರಿ ಕೆನೆಗಟ್ಟಿತು.

ಅಷ್ಟರಲ್ಲಿ ಮಧ್ಯಾಹ್ನದ ಪಂಗತಿ ಶುರುವಾಯಿತು. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ಕೈ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿತ್ತು. ತಲೆ ಒಂದೇ ಪ್ರಶ್ನೆ ಹಿಡಿದಿತ್ತು: ಕಡೆಯ ಸಲ ಲಿಂಗ ನೋಡಿದ್ದು ಯಾವಾಗ?

ಶಿವರಾತ್ರಿಗೆ. ಅದು ನೆನಪಿತ್ತು. ಬೆಳಿಗ್ಗೆ ಪತ್ರೆ ಏರಿಸಿ ಕೂತಿದ್ದಳು. ಅಳತೆಯವರಿಗೆ ಉಪವಾಸ ಗಿಪವಾಸ ಏನಿಲ್ಲ, ಅಂದೂ ಜೀಪು ಬಂತು. ಗಂಡ ಹೊರಗಿನಿಂದ ಕರೆದ, ಮತ್ತೆ ಕರೆದ. ಗಡಿಬಿಡಿಯಲ್ಲಿ ಅರಿವೆ ಮಡಿಸಿದಳು, ಮುಚ್ಚಳ ಹಾಕಿದಳು, ಎದ್ದಳು. ಅರಿವೆಯೊಳಗೆ ಲಿಂಗ ಇಟ್ಟೆನೋ ಇಲ್ಲವೋ? ಆಮೇಲೆ ಯುಗಾದಿಗೆ ತೆರೆದಿದ್ದೆನೇ? ಇಲ್ಲ, ಅಂದು ಹೋಳಿಗೆಯ ಗದ್ದಲ. ಬಸವ ಜಯಂತಿಗೆ? ಅಂದು ಅಡ್ಡಮಳೆಗೆ ಕಟ್ಟಿಗೆ ನೆನೆದಿತ್ತು, ಒಲೆ ಊದುವುದರಲ್ಲೇ ಹೊತ್ತು ಹೋಯಿತು.

ಲಿಂಗದ ಮಾತು ಹಾಗಿರಲಿ, ಶಿವರಾತ್ರಿಯಿಂದ ಶ್ರಾವಣದತನಕ ಯಾವುದಾದರೂ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಸಿಗಲಿಲ್ಲ. ಬೇಸಿಗೆ ಬಂದು ಹೋಗಿತ್ತು. ಅದು ಬೆವರಿನಿಂದ ಗೊತ್ತಾಗಿತ್ತು. ಮಳೆ ಹಿಡಿದಿತ್ತು. ಅದು ಹಸಿ ಕಟ್ಟಿಗೆಯಿಂದ ಗೊತ್ತಾಗಿತ್ತು. ಬೆಲ್ಲದ ಬಾಗೇವಾಡಿಯಲ್ಲಿರುವ ಮಗಳು ಹಡೆದಿದ್ದಳು. ತೊಟ್ಟಿಲ ಕಾರ್ಯಕ್ಕೆ ಇವಳು ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬಂದಿದ್ದಳು. ಮೊಮ್ಮಗನ ಮುಖ ಯಾರ ಹಾಗಿತ್ತು? ಅವನನ್ನು ಎತ್ತಿಕೊಂಡಿದ್ದು ನಿಜ. ಆದರೆ ನೆನಪಿಗೆ ಬಂದದ್ದು ಬಸ್ಸು ತಪ್ಪೀತೆಂಬ ಹೆದರಿಕೆಯೊಂದೇ. ಶಿವಗಂಗವ್ವನಿಗೆ ಅಲ್ಲೇ ಅಳು ಬಂತು. ಹೊಗೆ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನದ ಪಂಗತಿ ಮುಗಿದ ಮೇಲೆ ಅವಳು ಸೆರಗು ಹೊದ್ದು ಹೊರಟಳು. ಎಲ್ಲಿಗೆ ಎಂದು ಕಾಶೆವ್ವ ಕೇಳಿದಳು. ಅಜ್ಜನವರ ಹತ್ತಿರ ಎಂದಷ್ಟೇ ಹೇಳಿದಳು. ಅಜ್ಜನವರು ಎಂದರೆ ರಾಚಯ್ಯನವರು. ಆ ಓಣಿಯ ಮನೆತನಗಳಿಗೆಲ್ಲ ಅಯ್ಯನವರು, ಕೂಸು ಹುಟ್ಟಿದರೆ ಲಿಂಗ ಕಟ್ಟುವವರು ಅವರೇ. ವಯಸ್ಸಾಗಿತ್ತು. ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು, ನಡುಗುವ ಕೈಯಿಂದ ವಿಭೂತಿ ಉಂಡೆಗಳನ್ನು ಬಿಸಿಲಿಗೆ ತಿರುವಿ ಹಾಕುತ್ತಿದ್ದರು. ಶ್ರಾವಣದ ಬಿಸಿಲು ಬಂದಷ್ಟು ಬರುತ್ತಿತ್ತು, ಅವರೂ ಆದಷ್ಟು ತಿರುವುತ್ತಿದ್ದರು.

ಶಿವಗಂಗವ್ವ ಕೊರಳಿನ ಕರಡಿಗೆ ತೆಗೆದು ಅವರ ಮುಂದಿಟ್ಟಳು. ಅವರು ತೆರೆದು ನೋಡಿದರು. ಯಾವಾಗ ಕಳೆಯಿತೆಂದು ಕೇಳಿದರು. ಅವಳು ಗೊತ್ತಿಲ್ಲವೆಂದಳು. ಕಡೆಗೆ ನೋಡಿದ್ದು ಯಾವಾಗ ಎಂದು ಕೇಳಿದರು. ಶಿವರಾತ್ರಿಗೆ ಎಂದಳು. ಹೇಳುವಾಗ ತಲೆ ಎತ್ತಲಿಲ್ಲ.

"ಮತ್ತ ಅಲ್ಲಿಂದ ಇಲ್ಲೀತನಕ ಪೂಜಿ?"

"ದಿನಾ ಕಣ್ಣಿಗೆ ಒತ್ತಿಕೊಂಡೇನ್ರಿ ಅಜ್ಜಾರ. ಬೆಳ್ಳಿ ಡಬ್ಬಿಗೆ ಕೈ ಮುಗದೇನ್ರಿ."

ರಾಚಯ್ಯನವರು ಒಂದು ವಿಭೂತಿ ಉಂಡೆಯನ್ನು ತಿರುವಿ ಹಾಕಿದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಪ್ರಾಯಶ್ಚಿತ್ತ ಹೇಳಿರಿ, ಏನು ಹೇಳಿದರೂ ಮಾಡುತ್ತೇನೆ ಎಂದಳು. ಹೊಸ ಲಿಂಗ ಇವತ್ತೇ ಕಟ್ಟಿರಿ ಎಂದಳು. ಸಂಜೆಯ ಪಂಗತಿಗೆ ಹೊತ್ತಾಗುತ್ತದೆ ಎಂದೂ ಬಾಯಿತಪ್ಪಿ ಸೇರಿಸಿದಳು. ಆಗ ಅವರು ಮುಖ ಎತ್ತಿ ನೋಡಿದರು.

"ಲಿಂಗ ಕೊಡಬಹುದವ್ವಾ. ಅದೇನ ದೊಡ್ಡ ಮಾತಲ್ಲ. ಅದರ ಮುಂದ ಕುಂಡ್ರಾಕ ಹೊತ್ತ ಬೇಕಲ್ಲ, ಅದನ್ನ ನಾ ಎಲ್ಲಿಂದ ತಂದ ಕೊಡ್ಲಿ?"

ಮೊದಲು ಮನೆಯಲ್ಲಿ ಕೇಳು, ಸಿಗದಿದ್ದರೆ ನಾಳೆ ಸ್ನಾನ ಮಾಡಿ ಬಾ ಎಂದರು. ಅಲ್ಲಿಯವರೆಗೆ ನೀರಾದರೂ ಕುಡಿ, ನನ್ನ ಮಾತಿನ ಮೇಲೆ ಕುಡಿ ಎಂದು ತಂಬಿಗೆ ಮುಂದೆ ಸರಿಸಿದರು. ಅವಳು ತಂಬಿಗೆ ಮುಟ್ಟಿ ನಮಸ್ಕಾರ ಮಾಡಿ ಎದ್ದಳು. ಕುಡಿಯಲಿಲ್ಲ.

ಮನೆಗೆ ಬರುವಾಗ ಅವಳು ನಿಧಾನ ನಡೆದಳು, ಏಕೆಂದರೆ ಓಡಲು ಶಕ್ತಿ ಇರಲಿಲ್ಲ. ಗಂಡನಿಗೆ ಹೇಳಬೇಕು ಎಂಬುದೇ ಹೆದರಿಕೆಯಾಗಿತ್ತು. ಅವನು ಗಾಬರಿಯಾಗಿ ಊರೆಲ್ಲ ಕೂಗುತ್ತಾನೆ, ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಲಿಂಗವಿಲ್ಲದವಳ ಕೈಯ ರೊಟ್ಟಿ ಉಣ್ಣುವುದು ಹೇಗೆ ಎಂದು ಒಬ್ಬರಾದರೂ ಅನ್ನುತ್ತಾರೆ. ದಾರಿಯುದ್ದಕ್ಕೂ ಇದನ್ನೇ ಹೊತ್ತು ಬಂದಳು.

ಗುರುಲಿಂಗಪ್ಪ ಪಡಸಾಲೆಯಲ್ಲಿ ಕಂದೀಲಿನ ಗಾಜು ಒರೆಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಮಾತು ಕಡಿಮೆ, ದುಡಿಮೆ ಜಾಸ್ತಿ, ಅಷ್ಟೇ. ಶಿವಗಂಗವ್ವ ಅವನ ಎದುರು ನಿಂತು, ಪೀಠಿಕೆ ಏನೂ ಇಲ್ಲದೆ, ತನ್ನ ಲಿಂಗ ಕಳೆದಿದೆ ಎಂದಳು.

ಅವನು ಗಾಬರಿಯಾಗಲಿಲ್ಲ. ಎಲ್ಲಿ, ಹೇಗೆ, ಯಾವಾಗ ಎಂದು ಕೇಳಲಿಲ್ಲ. ಗಾಜನ್ನು ಮೆಲ್ಲಗೆ ಕೆಳಗಿಟ್ಟ. ಆಗಲೇ ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡಸಿನ ಸುಮ್ಮನಿರುವಿಕೆಯಲ್ಲಿ ಏನಿದೆ ಎಂದು ಹೆಂಗಸಿಗೆ ತಿಳಿಯುತ್ತದೆ. ಅವನು ಒಳಗೆ ಹೋಗಿ ತನ್ನ ಪೂಜೆಯ ಪೆಟ್ಟಿಗೆ ತೆರೆದು, ಬಿಳಿ ಅರಿವೆಯ ಒಂದು ಸಣ್ಣ ಗಂಟು ತಂದು ಅವಳ ಕೈಯಲ್ಲಿಟ್ಟ. ಒಳಗೆ ಲಿಂಗವಿತ್ತು. ಅದರ ಮೇಲೆ ಹಸಿ ಪತ್ರೆ ಇತ್ತು, ಅಂದು ಬೆಳಿಗ್ಗೆಯ ವಿಭೂತಿ ಇತ್ತು.

ಅವನು ತಡೆದು ತಡೆದು ಹೇಳಿದ. ಶಿವರಾತ್ರಿಯ ದಿನ ಅವಳು ಎದ್ದು ಹೋದ ಮೇಲೆ ತಾನು ಪೂಜೆಗೆ ಕೂತಾಗ ಪತ್ರೆಯ ಕೆಳಗೆ ಅದು ಸಿಕ್ಕಿತ್ತು. ಕೂಡಲೇ ಕೊಡಬೇಕೆಂದರೆ ಅವಳು ಬುತ್ತಿ ಕಟ್ಟುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ತೆಗೆದಿಟ್ಟ. ಮರುದಿನ ಬೆಳಿಗ್ಗೆ ಅವಳು ಖಾಲಿ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಿದ. ಅವಳೇ ಕೇಳುತ್ತಾಳೆ ಎಂದು ಕಾದ. ಅವಳು ಕೇಳಲಿಲ್ಲ. ಅಂದಿನಿಂದ ದಿನಾ ತನ್ನ ಲಿಂಗದ ಜೊತೆ ಅವಳದಕ್ಕೂ ನೀರೆರೆದು ವಿಭೂತಿ ಹಚ್ಚುತ್ತ ಬಂದಿದ್ದ.

ಅವಳು ಅವನನ್ನೇ ನೋಡುತ್ತಿದ್ದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಗುರುಲಿಂಗಪ್ಪ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ಎಂಬುದಕ್ಕೆ ನಾನು ಅವನನ್ನು ಅರ್ಧ ಕ್ಷಮಿಸಿದ್ದೇನೆ.

"ಹೇಳಿದ್ರ ನೀ ಒಲಿ ಬಿಟ್ಟು ಕುಂತ ಬಿಡ್ತಿದ್ದಿ."

ಶಿವಗಂಗವ್ವನಿಗೆ ಮೊದಲು ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಆ ಮಾತು ಒಳಗೆ ಇಳಿಯಲು ಹೊತ್ತು ಬೇಕಾಯಿತು. ಅಂಗೈಯಲ್ಲಿದ್ದ ಲಿಂಗವನ್ನು ನೋಡಿದಳು. ಹುಟ್ಟಿದ ಮೇಲೆ ಕಟ್ಟಿದ ಲಿಂಗ. ಅದು ತನ್ನದೇ ಹೌದೋ ಅಲ್ಲವೋ ಅವಳಿಗೆ ಗುರುತು ಹತ್ತಲಿಲ್ಲ. ಅದನ್ನು ಬಾಯಿಬಿಟ್ಟು ಕೇಳಿದಳು. ಅವನು ಮೆಲ್ಲಗೆ, ಅದು ನನ್ನದಕ್ಕಿಂತ ಹಗುರ, ಒಂದು ಬದಿಗೆ ಕೂದಲೆಳೆಯಷ್ಟು ಗೀರಿದೆ, ನೋಡು ಎಂದ. ನೋಡಿದಳು. ಗೀರು ಇತ್ತು. ತನ್ನ ಲಿಂಗದ ಗುರುತನ್ನು ಗಂಡನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಅವಳಿಗೆ ಆಗ ಸಿಟ್ಟು ಬಂತು. ಅವನ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ. ದನಿ ಏರಿಸದೆ ಕೇಳಿದಳು.

"ಈ ನಡುವ ನಾ ಸತ್ತಿದ್ರ, ಕೈಯಾಗ ಏನ ಇಟ್ಟು ಮಣ್ಣ ಮಾಡ್ತಿದ್ರಿ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಗುರುಲಿಂಗಪ್ಪ ಆ ಚಿತ್ರವನ್ನು ಕಣ್ಣಮುಂದೆ ಕಂಡನೇನೋ, ಗೋಡೆ ಹಿಡಿದು ಕೂತುಬಿಟ್ಟ. ಪೆಟ್ಟಿಗೆಯಲ್ಲಿ ಇತ್ತಲ್ಲ, ತಂದಿಡುತ್ತಿದ್ದೆ ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.

ಅವಳು ಬಚ್ಚಲಿಗೆ ಹೋಗಿ ಮತ್ತೆ ಮೈಮೇಲೆ ನೀರು ಹಾಕಿಕೊಂಡು ಬಂದಳು. ದೇವರ ಕೋಣೆಯಲ್ಲಿ ಕೂತಳು. ಕಾಶೆವ್ವ ಬಾಗಿಲಿಗೆ ಬಂದು, ಹಿಟ್ಟು ನಾದಿಲ್ಲ, ಮಂದಿ ಬರುವ ಹೊತ್ತಾಯಿತು ಎಂದು ನೆನಪು ಮಾಡಿದಳು. ಶಿವಗಂಗವ್ವ ಕೇಳಿಸಿಕೊಂಡಳು, ಏಳಲಿಲ್ಲ.

ಮಂದಿ ಬಂದರು. ಮಾಸ್ತರರು, ಕೋರ್ಟಿನ ಕೆಲಸ ಮುಗಿಯದೆ ಊರಲ್ಲಿ ಉಳಿದ ಇಬ್ಬರು, ಆಮೇಲೆ ಜೀಪಿನವರು. ಮಣೆಯ ಮೇಲೆ ಕೂತು ನೋಡಿದರೆ ತಾಟು ಬರುವ ಸುಳಿವಿಲ್ಲ. ಗುರುಲಿಂಗಪ್ಪ ಎದ್ದು ಅವರ ಮುಂದೆ ಹೋಗಿ ನಿಂತ. ಇವತ್ತು ರೊಟ್ಟಿ ತಡವಾಗುತ್ತದೆ ಎಂದ. ಎಷ್ಟು ತಡ ಎಂದು ಜೀಪಿನವರ ಸಾಹೇಬ ಕೇಳಿದ. ಗೊತ್ತಿಲ್ಲ ಎಂದ. ಇಷ್ಟು ವರ್ಷದ ವ್ಯವಹಾರದಲ್ಲಿ ಅವನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಸಾಹೇಬ ಗಡಿಯಾರ ನೋಡಿಕೊಂಡು, ಮರಾಠಿಯಲ್ಲಿ ಏನೋ ಗೊಣಗಿ ಎದ್ದು ಹೋದ. ಅವನ ಜನರೂ, ಕೋರ್ಟಿನ ಇಬ್ಬರೂ ಹೋದರು. ಮಾಸ್ತರರು ಮಾತ್ರ ಅಲ್ಲೇ ಕೂತು ಊರ ಸುದ್ದಿ ಮಾತಾಡುತ್ತ ಉಳಿದರು.

ಒಳಗೆ ಶಿವಗಂಗವ್ವನಿಗೆ ಯಾವ ಬೆಳಕೂ ಕಾಣಲಿಲ್ಲ, ಯಾವ ಶಾಂತಿಯೂ ಬರಲಿಲ್ಲ. ಅಂಥದ್ದು ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ತಲೆಯ ತುಂಬ ಹಿಟ್ಟು, ನೀರು, ಕಟ್ಟಿಗೆ. ಜೀಪು ಹೋದ ಸದ್ದಿಗೆ ಮೈ ಒಮ್ಮೆ ಎದ್ದು ನಿಂತಂತಾಯಿತು. ಆಮೇಲೆ ಮೆಲ್ಲಮೆಲ್ಲಗೆ ಸೊಂಟ ನೋಯತೊಡಗಿತು, ಭುಜ ನೋಯತೊಡಗಿತು, ಮಣಿಕಟ್ಟು ನೋಯತೊಡಗಿತು. ಆ ನೋವುಗಳೆಲ್ಲ ವರ್ಷಗಳಿಂದ ಅಲ್ಲೇ ಇದ್ದವು, ಅವುಗಳ ಕಡೆ ತಿರುಗಲು ಅವಳಿಗೆ ಬಿಡುವಾಗಿರಲಿಲ್ಲ. ತಾನು ಎಷ್ಟು ದಣಿದಿದ್ದೇನೆ ಎಂಬುದು ಅವಳಿಗೆ ಕೂತ ಮೇಲೆ ಗೊತ್ತಾಯಿತು. ಎಡ ಅಂಗೈಯ ಲಿಂಗದ ಮೇಲೆ ಕಣ್ಣೀರು ಬಿದ್ದು ವಿಭೂತಿ ಕರಗಿತು. ಮತ್ತೆ ಹಚ್ಚಿದಳು. ಅವಸರ ಏನಿರಲಿಲ್ಲ.

ಎದ್ದು ಬಂದು ನೀರು ಕುಡಿದಳು. ಕಾಶೆವ್ವ ಒಡೆದೊಡೆದು ಬಡಿದಿಟ್ಟ ರೊಟ್ಟಿಯನ್ನು ತಾಟಿಗೆ ಹಾಕಿಕೊಂಡು, ಪಡಸಾಲೆಯಲ್ಲೇ, ಮಾಸ್ತರರಿಂದ ಆಚೆ ಒಂದು ಮಣೆ ಎಳೆದುಕೊಂಡು ಉಂಡಳು. ಮಾಸ್ತರರಿಗೂ ಅದೇ ಒಡಕು ರೊಟ್ಟಿ. ಉಣ್ಣುತ್ತ ಉಣ್ಣುತ್ತ ಅವಳು ಕಾಶೆವ್ವನಿಗೆ, ಝುಣಕಕ್ಕೆ ಉಪ್ಪು ಬಹಳ ಆಗೇತಲ್ಲ ಎಂದಳು. ಮೊದಲಿನಿಂದಲೂ ಅಷ್ಟೇ ಎಂದಳು ಕಾಶೆವ್ವ.

ನಾಳೆಯಿಂದ ಪೂಜೆ ಮಾಡಿ, ಉಂಡು, ಆಮೇಲೆ ಒಲೆ ಹೊತ್ತಿಸುತ್ತೇನೆ ಎಂದು ಅವಳು ಗಂಡನಿಗೆ ಹೇಳಿದಳು. ಹಾಗಾದರೆ ಜೀಪಿನವರು ಬೇರೆ ಕಡೆ ನೋಡಿಕೊಳ್ಳುತ್ತಾರೆ ಎಂದು ಅವನು ಅಂದ. ನೋಡಿಕೊಳ್ಳಲಿ ಎಂದಳು. ರವಿವಾರ ಬಾಗೇವಾಡಿಗೆ ಹೋಗುತ್ತೇನೆ, ಒಂದು ರಾತ್ರಿ ಇದ್ದು ಬರುತ್ತೇನೆ ಎಂದೂ ಹೇಳಿದಳು. ಅವನು ತಲೆ ಆಡಿಸಿದ. ಅವನ ಮುಖದಲ್ಲಿ ಸಮಾಧಾನಕ್ಕಿಂತ ಚಿಂತೆಯೇ ಹೆಚ್ಚಿತ್ತು. ಚಿಂತೆ ಸುಳ್ಳೂ ಆಗಿರಲಿಲ್ಲ. ಮುಂದೆ ಕೆಲವೇ ದಿನಗಳಲ್ಲಿ ಅಳತೆಯವರ ಊಟ ಬೇರೆಯವರ ಪಾಲಾಯಿತು, ಎರಡನೆಯ ಒಲೆ ತಣ್ಣಗಾಯಿತು.

ಆದರೆ ಮರುದಿನ ಬೆಳಿಗ್ಗೆ ಅವರು ಬುತ್ತಿಗೆ ಬಂದೇ ಬಂದರು. ದೇವರ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಗುರುಲಿಂಗಪ್ಪ ತನ್ನ ಲಿಂಗಕ್ಕೆ ನೀರೆರೆದು, ರೂಢಿಯಂತೆ ಪೆಟ್ಟಿಗೆಗೆ ಕೈ ಹಾಕಿದ. ಅಲ್ಲಿ ಎರಡನೆಯ ಗಂಟು ಇರಲಿಲ್ಲ. ಕೈ ಸ್ವಲ್ಪ ಹೊತ್ತು ಪೆಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ಗಡಿಬಿಡಿಯಲ್ಲಿ ಪತ್ರೆ ಏರಿಸಿ, ತನ್ನದನ್ನು ಅರಿವೆಯಲ್ಲಿ ಸುತ್ತಿ, ಹೊರಗೆ ಹೋಗಿ ಅವರಿಗೆ ಏನಾದರೂ ಹೇಳಿ ಬರೋಣವೆಂದು ಏಳಲು ಮೊಣಕಾಲ ಮೇಲೆ ಕೈಯೂರಿದ. ಶಿವಗಂಗವ್ವ ಅಂಗೈಯಿಂದ ಕಣ್ಣು ತೆಗೆಯದೆ, ಇನ್ನೊಂದು ಕೈಯಿಂದ ಅವನ ಧೋತರದ ಅಂಚು ಹಿಡಿದಳು.

"ಕುಂಡ್ರಿ. ನಿಮ್ಮದೂ ಇನ್ನ ಆಗಿಲ್ಲ."

ಹೊರಗೆ ಜೀಪು ಹಾರ್ನು ಹೊಡೆಯುತ್ತಲೇ ಇತ್ತು. ಗುರುಲಿಂಗಪ್ಪ ಅರಿವೆ ಬಿಚ್ಚಿ, ಲಿಂಗವನ್ನು ಮತ್ತೆ ಅಂಗೈಯಲ್ಲಿಟ್ಟುಕೊಂಡ.